ದೋಣಿ ಗುಡ್ಡ ಹತ್ತಿದ ದಿನ

ಪ್ರೀತಿಯ ಶಿವು,

ಮೊನ್ನೆ ಫೋನಿನಲ್ಲಿ ನಿನ್ನ ಮಗಳು ಕೇಳಿದ್ದು ಇನ್ನೂ ಕಿವಿಯಲ್ಲೇ ಇದೆ. "ಮಾಮ, ನೀರು ಕೆಳಕ್ಕೆ ತಾನೇ ಹರಿಯೋದು? ಮತ್ತೆ ದೋಣಿ ಹೆಂಗೆ ಗುಡ್ಡ ಹತ್ತುತ್ತೆ?" ನಾನು ಬಾಯಿ ತೆರೆಯೋ ಹೊತ್ತಿಗೆ ಲೈನ್ ಕಟ್ಟಾಯಿತು. ಅವಳಿಗೆ ಉತ್ತರ ಕೊಡಬೇಕು ಅಂತಲೇ ಈ ಪತ್ರಕ್ಕೆ ಕೂತೆ. ಆದರೆ ಇದು ಅವಳಿಗಿಂತ ನಿನಗೇ ಜಾಸ್ತಿ. ಆ ದಿನವೆಲ್ಲ ನನಗೆ ನಿಮ್ಮ ತಾತನ ನೆನಪಾಗುತ್ತಿತ್ತು.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ರಿಟೈರ್ ಆದಮೇಲೆ ಮನೆ ಮಾರಿ, ಹೆಂಡತಿ ಜೊತೆ ದೋಣಿಯಲ್ಲೇ ವಾಸ ಮಾಡುತ್ತಿದ್ದಾರೆ. ಇಲ್ಲಿ ಇಂಗ್ಲೆಂಡಿನಲ್ಲಿ ಅದಕ್ಕೆ ನ್ಯಾರೋಬೋಟ್ ಅನ್ನುತ್ತಾರೆ. ಅಗಲ 7 ಅಡಿಗಿಂತ ಸ್ವಲ್ಪ ಕಮ್ಮಿ, ಉದ್ದ ಮಾತ್ರ 57 ಅಡಿ. ನಮ್ಮೂರ ವಠಾರದ ಮನೆಗಳಂತೆ ಒಂದರ ಹಿಂದೆ ಒಂದು ಕೋಣೆ. ನವೆಂಬರ್ ಕೊನೆಯಲ್ಲಿ ಅವರು ಕೇನ್ ಹಿಲ್ ಅನ್ನೋ ಗುಡ್ಡವನ್ನು ಕಾಲುವೆಯಲ್ಲೇ ಹತ್ತಿ ಡಿವೈಜಿಸ್ ಊರಿಗೆ ಹೋಗಬೇಕಿತ್ತು. ಅವರಿಗೆ ಮಂಡಿ ನೋವು. 29 ಲಾಕುಗಳನ್ನು, ಅಂದರೆ ದೋಣಿ ಮೇಲೆತ್ತೋ ಗೇಟಿನ ತೊಟ್ಟಿಗಳನ್ನು, ಇಬ್ಬರೇ ದಾಟಿಸೋದು ಕಷ್ಟ, ಬರ್ತೀಯಾ ಅಂತ ಕೇಳಿದರು. ಎರಡನೇ ಮಾತಿಲ್ಲದೆ ಹೂಂ ಅಂದೆ.

ಸ್ವಿಂಡನ್ನಿನಿಂದ ಕತ್ತಲಲ್ಲೇ ಹೊರಟೆ. ಕಾರಿನ ಗಾಜಿನ ಮೇಲಿನ ಹಿಮ ಕೆರೆಯೋಕೇ ಹತ್ತು ನಿಮಿಷ ಹಿಡಿಯಿತು. ಗುಡ್ಡದ ಬುಡದ ಫಾಕ್ಸ್‌ಹ್ಯಾಂಗರ್ಸ್ ಸೇರಿದಾಗ ಎಂಟು ಗಂಟೆ, ಚಳಿ ಒಂದು ಡಿಗ್ರಿ. ದಂಡೆಯ ಹುಲ್ಲಿನ ಮೇಲೆ ಯಾರೋ ಅಕ್ಕಿ ಹಿಟ್ಟನ್ನು ಜರಡಿ ಹಿಡಿದ ಹಾಗಿತ್ತು. ದೋಣಿಯ ಚಿಮಣಿಯಿಂದ ಕಲ್ಲಿದ್ದಲಿನ ಹೊಗೆ ನೆಟ್ಟಗೆ ಮೇಲೇಳುತ್ತಿತ್ತು. ಗಾಳಿ ಒಂಚೂರೂ ಇರಲಿಲ್ಲ. ಅಮ್ಮ (ಹಿರಿಯರ ಹೆಂಡತಿಯನ್ನು ನಾನು ಮನಸ್ಸಲ್ಲಿ ಹಾಗೇ ಕರೆಯೋದು) ಎರಡು ಟೋಪಿ ಹಾಕಿಕೊಂಡು ಚುಕ್ಕಾಣಿ ಹಿಡಿದು ನಿಂತಿದ್ದರು. ನನಗೆ ಒಂದು ಲೋಟ ಟೀ, ಒಂದು ಕಬ್ಬಿಣದ ಹಿಡಿ ಕೊಟ್ಟರು. ಆ ಹಿಡಿಗೆ ವಿಂಡ್‌ಲಾಸ್ ಅಂತ ಹೆಸರು. ಮೊಣಕೈ ಬಾಗಿಸಿದ ಹಾಗೆ ಬಗ್ಗಿದ ಕಬ್ಬಿಣ, ಒಂದು ತುದಿಯಲ್ಲಿ ಚೌಕದ ತೂತು. ಕೈಗವಸು ಇದ್ದರೂ ಅದರ ತಂಪು ಮೂಳೆಗೆ ತಾಗುತ್ತಿತ್ತು. ಅವತ್ತು ದಿನಪೂರ್ತಿ ಅದು ನನ್ನ ಕೈ ಬಿಡಲಿಲ್ಲ.

ಈಗ ನಿನ್ನ ಮಗಳ ಪ್ರಶ್ನೆಗೆ ಬರ್ತೀನಿ. ಪುಟ್ಟಿ, ನೀರು ಗುಡ್ಡ ಹತ್ತೋದಿಲ್ಲ. ನೀನು ಹೇಳಿದ್ದೇ ಸರಿ. ಇಲ್ಲಿನವರು ಮಾಡಿದ್ದು ನೀರಿನ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಒಂದು ದೊಡ್ಡ ತೊಟ್ಟಿ. ಇಟ್ಟಿಗೆ ಗೋಡೆ, 14 ಅಡಿ ಅಗಲ, ಹಿಂದೊಂದು ಮುಂದೊಂದು ಓಕ್ ಮರದ ಜೋಡಿ ಗೇಟು. ದೋಣಿ ತೊಟ್ಟಿಯೊಳಗೆ ಬರುವಾಗ ನೀರು ಬುಡದಲ್ಲಿರುತ್ತದೆ. ಹಿಂದಿನ ಗೇಟು ಹಾಕುತ್ತಾರೆ. ಆಮೇಲೆ ಮುಂದಿನ ತೂಬು ಎತ್ತಿದರೆ ಮೇಲಿನ ನಾಲೆಯ ನೀರು ತೊಟ್ಟಿಗೆ ಇಳಿಯುತ್ತದೆ. ನೋಡು, ನೀರು ಇಲ್ಲೂ ಇಳಿಯುತ್ತಲೇ ಇದೆ. ತೊಟ್ಟಿ ತುಂಬಿದ ಹಾಗೆ ದೋಣಿ ತೇಲಿಕೊಂಡು ಮೇಲೇಳುತ್ತದೆ, ಬಾನಿಯಲ್ಲಿ ತೇಲೋ ಚೊಂಬಿನ ಥರ. ಒಳಗಿನ ನೀರೂ ಮೇಲಿನ ನೀರೂ ಸಮ ಆದ ಕ್ಷಣ ಮುಂದಿನ ಗೇಟು ತಳ್ಳಿದರೆ ತೆರೆದುಕೊಳ್ಳುತ್ತದೆ. ದೋಣಿ ಆಚೆ ಹೋಯಿತು ಅಂದರೆ ಸುಮಾರು ಎಂಟು ಅಡಿ ಹತ್ತಿದ ಹಾಗೆ. ಕೇನ್ ಹಿಲ್‌ನಲ್ಲಿ ಹೀಗೆ 29 ಸಲ. ಎರಡು ಮೈಲಿಯಲ್ಲಿ 237 ಅಡಿ ಎತ್ತರ.

ಗೇಟು ಎರಡೂ ಸೇರುವ ಕಡೆ ನೇರವಾಗಿಲ್ಲ. ನೀರು ಬರುವ ದಿಕ್ಕಿಗೆ ಮೂಗು ಚಾಚಿಕೊಂಡಿವೆ, ಕೈ ಮುಗಿದ ಹಾಗೆ. ನೀರು ಎಷ್ಟು ತಳ್ಳುತ್ತದೋ ಅಷ್ಟೇ ಬಿಗಿಯಾಗಿ ಒಂದಕ್ಕೊಂದು ಒತ್ತಿಕೊಳ್ಳುತ್ತವೆ. ಬೀಗ ಬೇಕಿಲ್ಲ, ಬೋಲ್ಟು ಬೇಕಿಲ್ಲ. ಎರಡು ಕಡೆ ನೀರಿನ ಮಟ್ಟ ಒಂದು ಗೇಣು ಹೆಚ್ಚುಕಮ್ಮಿ ಇದ್ದರೂ ಹತ್ತು ಜನ ನಿಂತು ತಳ್ಳಿದರೂ ಅಲ್ಲಾಡುವುದಿಲ್ಲ. ಸಮ ಆದಮೇಲೆ ಒಬ್ಬ ಸಾಕು. ಗೇಟಿನ ತಲೆಯಿಂದ ದಂಡೆಯ ಮೇಲಕ್ಕೆ ಒಂದು ಭಾರಿ ತೊಲೆ ಚಾಚಿರುತ್ತದೆ. ಅದಕ್ಕೆ ಬೆನ್ನು ಕೊಟ್ಟು, ಕಾಲು ಊರಿ, ಹಿಂದಕ್ಕೆ ನಡೆಯಬೇಕು. ಕಾಲು ಜಾರದಿರಲಿ ಅಂತ ನೆಲದಲ್ಲಿ ಕಮಾನಿನ ಆಕಾರಕ್ಕೆ ಇಟ್ಟಿಗೆಯ ಏಣು ಕೂರಿಸಿದ್ದಾರೆ. ಅವತ್ತು ತೊಲೆಯ ಮೇಲೂ ಹಿಮ. ಮೂರನೇ ಲಾಕಿನ ಹೊತ್ತಿಗೆ ನನ್ನ ಪ್ಯಾಂಟಿನ ಹಿಂಭಾಗ ಪೂರ್ತಿ ನೆನೆದಿತ್ತು. ಆದರೆ ಮೈ ಮಾತ್ರ ಬೆಚ್ಚಗಾಗಿತ್ತು.

ತೂಬು ಎತ್ತುವ ಕೆಲಸ ಹೇಳಲೇಬೇಕು. ಗೇಟಿನ ಪಕ್ಕ ಒಂದು ಕಬ್ಬಿಣದ ಕಂಬ, ಅದರಲ್ಲಿ ಹಲ್ಲಿನ ಸರಳು, ಹಲ್ಲಿನ ಚಕ್ರ. ವಿಂಡ್‌ಲಾಸ್ ಸಿಕ್ಕಿಸಿ ತಿರುಗಿಸಿದರೆ ಸರಳು ಟಕ್, ಟಕ್, ಟಕ್ ಅಂತ ಒಂದೊಂದೇ ಹಲ್ಲು ಮೇಲೇಳುತ್ತದೆ. ಒಂದು ಸಣ್ಣ ಕಬ್ಬಿಣದ ನಾಲಿಗೆ ಬಿದ್ದು ಅದನ್ನು ಅಲ್ಲೇ ಹಿಡಿದುಕೊಳ್ಳುತ್ತದೆ. ಅರ್ಧ ಎತ್ತು, ನಿಲ್ಲು, ದೋಣಿ ನೋಡು, ಆಮೇಲೆ ಪೂರ್ತಿ ಎತ್ತು ಅಂತ ಹಿರಿಯರು ಹೇಳಿಕೊಟ್ಟರು. ಒಂದೇ ಸಲ ಎತ್ತಿದರೆ ನೀರು ನುಗ್ಗಿ ದೋಣಿಯನ್ನು ಗೋಡೆಗೆ ಅಪ್ಪಳಿಸುತ್ತದೆ. ಎತ್ತಿ ಒಂದೆರಡು ಉಸಿರಾಗುವಷ್ಟರಲ್ಲಿ ದೋಣಿಯ ಅಡಿಯಿಂದ ನೀರು ಕುದಿಯೋ ಸಾರಿನ ಹಾಗೆ ಉಕ್ಕಿತು. ಕಂದು ಬಣ್ಣ, ಕೊಳೆತ ಎಲೆ, ನೊರೆ. ಮತ್ತೆ ಆ ವಾಸನೆ! ಶಿವು, ಬೇಸಿಗೆಯೆಲ್ಲ ಒಣಗಿದ್ದ ನಮ್ಮ ನಾಲೆಗೆ ನೀರು ಬಿಟ್ಟ ಮೊದಲ ದಿನ ಬರುತ್ತಿತ್ತಲ್ಲ, ಅದೇ ವಾಸನೆ. ಹಸಿ ಮಣ್ಣು, ಪಾಚಿ, ಸ್ವಲ್ಪ ಮೀನು. ಕೈಯಲ್ಲಿ ಹಿಡಿ ಹಿಡಿದುಕೊಂಡು ಸುಮ್ನೆ ನಿಂತುಬಿಟ್ಟೆ.

ಕೆಳಗಿನ ಏಳು ಲಾಕು ದಾಟಿದ ಮೇಲೆ ಬರೋದು ಅಸಲಿ ಗುಡ್ಡ. ಒಂದರ ಮೇಲೊಂದು 16 ಲಾಕು, ನೆಟ್ಟಗೆ ಒಂದೇ ಸಾಲಿನಲ್ಲಿ. ಕೆಳಗೆ ನಿಂತು ನೋಡಿದರೆ ಕಪ್ಪು ಬಿಳುಪಿನ ತೊಲೆಗಳು ಆಕಾಶದ ತನಕ ಹೋದ ಹಾಗೆ ಕಾಣುತ್ತವೆ. ಗುಡ್ಡ ಎಷ್ಟು ಕಡಿದು ಅಂದರೆ, ಒಂದು ಲಾಕಿಗೂ ಇನ್ನೊಂದಕ್ಕೂ ನಡುವೆ ನೀರು ನಿಲ್ಲೋಕೆ ಜಾಗವೇ ಇಲ್ಲ. ಅದಕ್ಕೆ ಇದನ್ನು ಕಟ್ಟಿದ ಇಂಜಿನಿಯರ್ ಜಾನ್ ರೆನಿ ಒಂದು ಉಪಾಯ ಮಾಡಿದ. ಲಾಕುಗಳ ನಡುವೆ ಪಕ್ಕಕ್ಕೆ ಒಂದೊಂದು ಕೆರೆ ತೋಡಿಸಿದ. ಉದ್ದಕ್ಕೆ ಜಾಗ ಇಲ್ಲದಿದ್ದರೆ ಅಗಲಕ್ಕೆ ಇಡೋಣ ಅಂತ. ಒಂದು ಲಾಕಿಗೆ ಬೇಕಾದ ನೀರು ಪಕ್ಕದ ಕೆರೆಯಲ್ಲಿ ಕಾದಿರುತ್ತದೆ. ಅವತ್ತು ಆ ಕೆರೆಗಳ ಅಂಚಿನಲ್ಲಿ ಗಾಜಿನಷ್ಟು ತೆಳುವಾದ ಮಂಜುಗಡ್ಡೆ ಕಟ್ಟಿತ್ತು. ಒಂದು ಬೂದು ಬಕ ಅದರ ಪಕ್ಕ ಒಂಟಿ ಕಾಲಲ್ಲಿ ನಿಂತಿತ್ತು. ನಾವು ತೂಬು ಎತ್ತಿದ ತಕ್ಷಣ ಕೆರೆಯ ನೀರು ಒಂದಿಂಚು ಇಳಿದು, ಆ ಮಂಜುಗಡ್ಡೆ ಚಿಟಿಚಿಟಿ ಅಂತ ಒಡೆಯಿತು. ಆ ಸದ್ದು ಇನ್ನೂ ಮರೆತಿಲ್ಲ.

ಈ ಸಾಲಿನ ಬುಡದಲ್ಲಿ ಇನ್ನೊಂದು ದೋಣಿ ಕಾಯುತ್ತಿತ್ತು. ವಯಸ್ಸಾದ ಹೆಂಗಸು ಒಬ್ಬರೇ, ಜೊತೆಗೊಂದು ನಾಯಿ. ಲಾಕಿನ ಅಗಲಕ್ಕೆ ಎರಡು ನ್ಯಾರೋಬೋಟು ಪಕ್ಕಪಕ್ಕ ಹಿಡಿಸುತ್ತವೆ. ಜೊತೆಗೆ ಹೋಗೋಣ ಅಂತ ಕೇಳಿದ್ದು ಅವರೇ. ಕೆಲಸ ಹಂಚಿಕೆಯಾಗುತ್ತದೆ ಅನ್ನೋದು ಒಂದು ಕಾರಣ, ಆದರೆ ದೊಡ್ಡ ಕಾರಣ ನೀರು. ಒಂದು ಲಾಕು ತುಂಬಲು ಸುಮಾರು 2.5 ಲಕ್ಷ ಲೀಟರ್ ನೀರು ಬೇಕು. ನಿಮ್ಮೂರಿಗೆ ಬೇಸಿಗೆಯಲ್ಲಿ ಬರುತ್ತಿದ್ದ 5,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹೇಳಿದರೆ 50 ಟ್ಯಾಂಕರು! ದೋಣಿ ಒಂದೇ ಹೋಗಲಿ, ಎರಡು ಹೋಗಲಿ, ಅಷ್ಟು ನೀರು ಕೆಳಕ್ಕೆ ಇಳಿಯಲೇಬೇಕು. ಹಾಗೆ ಇಳಿದ ನೀರನ್ನು ಮತ್ತೆ ಗುಡ್ಡದ ಮೇಲಕ್ಕೆ ಎತ್ತೋಕೆ 1996ರಲ್ಲಿ ಫಾಕ್ಸ್‌ಹ್ಯಾಂಗರ್ಸ್‌ನಲ್ಲಿ ಪಂಪು ಕೂರಿಸಿದ್ದಾರೆ. ದಿನಕ್ಕೆ 3.2 ಕೋಟಿ ಲೀಟರ್ ಎತ್ತಬಲ್ಲದು. ಅಂದರೆ 11 ನಿಮಿಷಕ್ಕೊಂದು ಲಾಕಿನಷ್ಟು. ಆದರೂ ಜನ ಜೊತೆಗಾರರನ್ನು ಹುಡುಕಿ ಕಾಯುತ್ತಾರೆ. ಅದು ನನಗೆ ತುಂಬ ಹಿಡಿಸಿತು. ಪಂಪು ಇದೆಯಲ್ಲ ಅಂತ ಯಾರೂ ಅನ್ನಲಿಲ್ಲ.

ಇಲ್ಲಿಂದ ಶುರುವಾಯಿತು ನಿಮ್ಮ ತಾತನ ನೆನಪು.

16ರ ಸಾಲಿನಲ್ಲಿ ನಾಲ್ಕನೆಯದೋ ಐದನೆಯದೋ ಲಾಕು. ಎರಡು ದೋಣಿ ಒಳಗೆ ಬಂದವು, ಹಿಂದಿನ ಗೇಟು ಹಾಕಿದೆವು, ನಾನು ಮುಂದಕ್ಕೆ ಓಡಿ ಮೇಲಿನ ತೂಬು ಎತ್ತಿದೆ. ನೀರು ಬಂತು. ಅರ್ಧ ತೊಟ್ಟಿ ತುಂಬಿತು. ಆಮೇಲೆ ಯಾಕೋ ನಿಧಾನವಾಯಿತು. ಐದು ನಿಮಿಷ, ಎಂಟು ನಿಮಿಷ. ಗೋಡೆಯ ಮೇಲಿನ ಒದ್ದೆ ಗೆರೆ ಅಲ್ಲೇ ಇತ್ತು. ನಾನು ಮೇಲಿನ ತೂಬು ಪೂರ್ತಿ ಎದ್ದಿಲ್ಲವೇನೋ ಅಂತ ಮತ್ತೆ ಮತ್ತೆ ತಿರುಗಿಸಿದೆ. ಕೊನೆಗೆ ಆ ನಾಯಿಯ ಒಡತಿ ದೋಣಿಯಿಂದಲೇ ಹಿಂದಕ್ಕೆ ಕೈ ತೋರಿಸಿದರು. ಓಡಿ ಹೋಗಿ ಕೆಳಗಿನ ಗೇಟಿನ ಆಚೆ ಬಗ್ಗಿ ನೋಡಿದೆ. ನೀರು ಸುಳಿ ಸುತ್ತುತ್ತಾ ಹೊರಕ್ಕೆ ಹೋಗುತ್ತಿತ್ತು. ಕೆಳಗಿನ ಒಂದು ತೂಬನ್ನು ಇಳಿಸುವಾಗ ನಾನು ಕೊನೆಯ ತನಕ ಇಳಿಸಿರಲಿಲ್ಲ. ನಾಲ್ಕು ಬೆರಳಿನಷ್ಟು ತೆರೆದೇ ಇತ್ತು. ಮೇಲಿಂದ ಬಂದ ನೀರು ಹಾಗೇ ಕೆಳಗೆ ಹರಿದು ಹೋಗುತ್ತಿತ್ತು.

ಹಿಡಿ ಹಾಕಿ ಇಳಿಸಿದೆ. ಸರಳು ಟಕ್ ಅಂತ ಬುಡಕ್ಕೆ ಕೂತಿತು. ಸುಳಿ ನಿಂತಿತು. ಪಕ್ಕದ ಕೆರೆಯ ಕಡೆ ನೋಡಿದೆ. ಅಂಚಿನ ಕೆಸರು ಒಂದಡಿಯಷ್ಟು ಹೊರಗೆ ಬಂದಿತ್ತು. ಬಕ ಜಾಗ ಬದಲಾಯಿಸಿತ್ತು. ಯಾರೂ ನನ್ನನ್ನು ಬೈಯಲಿಲ್ಲ. ನನಗೇ ಹೊಟ್ಟೆಯಲ್ಲಿ ಸಂಕಟ ಆಯಿತು.

ನಿನಗೆ ಜ್ಞಾಪಕ ಇದೆ ಅಲ್ವಾ? ನಾವು ಆರನೇ ಕ್ಲಾಸಿನಲ್ಲಿದ್ದಾಗ ತಾತ ಜ್ವರ ಅಂತ ಮಲಗಿದ್ದರು. ತೂಬು ಇಳಿಸಿ ಬನ್ನಿ ಅಂತ ಸಂಜೆ ನಮ್ಮಿಬ್ಬರನ್ನು ಕಳಿಸಿದರು. ನಾವು ಇಳಿಸಿದೆವು, ಬಂದೆವು, ಗೋಲಿ ಆಡೋಕೆ ಹೋದೆವು. ರಾತ್ರಿ ಅವರು ಕಂಬಳಿ ಹೊದ್ದು, ಬ್ಯಾಟರಿ ಹಿಡಿದು, ನಡುಗುತ್ತಾ ತಾವೇ ಹೋದರು. ನಾವು ಇಳಿಸಿದ ತೂಬು ಕೂತಿರಲಿಲ್ಲ. ಬಾಲದ ಕಡೆಯ ಗದ್ದೆಗಳಿಗೆ ಆ ರಾತ್ರಿ ಹೋಗಬೇಕಿದ್ದ ನೀರು ಹಳ್ಳಕ್ಕೆ ಹೋಗಿತ್ತು. ಬೆಳಿಗ್ಗೆ ನಮ್ಮನ್ನು ಕೂರಿಸಿಕೊಂಡು ಹೇಳಿದ್ದು ಇಷ್ಟೇ: "ಎತ್ತೋನು ಯಾರಾದ್ರೂ ಎತ್ತುತ್ತಾನೆ ಕಣ್ರೋ. ಇಳಿಸಿದ್ದು ಕೂತೈತಾ ಅಂತ ಕೈ ಇಟ್ಟು ನೋಡೋನೇ ನೀರುಗಂಟಿ." ಅಷ್ಟು ಹೇಳಿ ಗಂಜಿ ಕುಡಿಯೋಕೆ ಹೋದರು. ಮೂವತ್ತು ವರ್ಷದ ಮೇಲೆ, ಎಲ್ಲೋ ಇಂಗ್ಲೆಂಡಿನ ಗುಡ್ಡದ ಮೇಲೆ ಅದೇ ತಪ್ಪು ಮಾಡಿದೆ. ಅಲ್ಲಿಂದ ಮುಂದೆ ಪ್ರತಿ ಲಾಕಿನಲ್ಲೂ ಸರಳಿನ ಮೇಲೆ ಕೈ ಇಟ್ಟು, ಬುಡ ಮುಟ್ಟಿದೆ ಅಂತ ಖಾತ್ರಿ ಮಾಡಿಕೊಂಡೇ ಹೆಜ್ಜೆ ಎತ್ತಿದೆ.

ಮಧ್ಯಾಹ್ನ ಒಂದು ಗಂಟೆ ಹೊತ್ತಿಗೆ ಬೆರಳು ಮರಗಟ್ಟಿತ್ತು. ದೋಣಿ ನಿಲ್ಲಿಸೋ ಹಾಗಿಲ್ಲ. ಈ 16 ಲಾಕಿನೊಳಗೆ ಹೊಕ್ಕಮೇಲೆ ರಾತ್ರಿ ತಂಗೋಕೆ ಬಿಡುವುದಿಲ್ಲ, ಹತ್ತಿ ಮುಗಿಸಲೇಬೇಕು. ನಾಲ್ಕು ಗಂಟೆಗೆಲ್ಲ ಕತ್ತಲಾಗುವ ಕಾಲ ಬೇರೆ. ಹಾಗಾಗಿ ಲಾಕು ತುಂಬುವ ಹೊತ್ತಿನಲ್ಲೇ ಊಟ. ನಾನು ಫ್ಲಾಸ್ಕಿನಲ್ಲಿ ರಾಗಿ ಗಂಜಿ ತಂದಿದ್ದೆ, ಜೀರಿಗೆ, ಬೆಳ್ಳುಳ್ಳಿ, ಉಪ್ಪು ಹಾಕಿದ್ದು. ಹಿರಿಯರು ಒಂದು ಗುಟುಕು ಕುಡಿದು ಇನ್ನೊಂದು ಲೋಟ ಕೇಳಿದರು. ನಾಯಿಯ ಒಡತಿಯೂ ಕುಡಿದರು. ತೊಲೆಗೆ ಒರಗಿ, ಮೂಗಿಂದ ಹೊಗೆ ಬಿಡುತ್ತಾ, ರಾಗಿ ಗಂಜಿ ಕುಡಿಯುವಾಗ ಹಿರಿಯರು ಈ ನಾಲೆಯ ಕಥೆ ಹೇಳಿದರು.

ಇದರ ಹೆಸರು ಕೆನೆಟ್ ಅಂಡ್ ಏವನ್ ಕಾಲುವೆ. ಬ್ರಿಸ್ಟಲ್‌ನಿಂದ ರೆಡಿಂಗ್‌ವರೆಗೆ 87 ಮೈಲಿ ಜಲಮಾರ್ಗ, ಅಲ್ಲಿಂದ ಥೇಮ್ಸ್ ಹಿಡಿದರೆ ಲಂಡನ್. ಕೇನ್ ಹಿಲ್ ಲಾಕುಗಳು ಮುಗಿದದ್ದು 1810ರಲ್ಲಿ. ಅದಕ್ಕೂ ಮುಂಚೆ ಗುಡ್ಡದ ಬುಡದಲ್ಲಿ ಸರಕು ಇಳಿಸಿ, ಹಳಿಯ ಮೇಲೆ ಕುದುರೆಗಳಿಂದ ಎಳೆಸಿ, ಮೇಲೆ ಮತ್ತೆ ದೋಣಿಗೆ ತುಂಬುತ್ತಿದ್ದರು. ಲಾಕು ಆದಮೇಲೆ ದೋಣಿಗಳ ಸಾಲೋ ಸಾಲು. 1829ರಲ್ಲಿ ರಾತ್ರಿಯೂ ಓಡಿಸೋಕೆ ಅಂತ ಗ್ಯಾಸ್ ದೀಪ ಹಾಕಿದರು. ಆದರೆ 1841ಕ್ಕೆ ಲಂಡನ್‌ನಿಂದ ಬ್ರಿಸ್ಟಲ್‌ಗೆ ರೈಲು ಬಂತು. 1852ರಲ್ಲಿ ಆ ರೈಲು ಕಂಪನಿಯೇ ಕಾಲುವೆಯನ್ನು ಕೊಂಡಿತು. ಸರಕಿನ ದೋಣಿ ಕೊನೆಯ ಸಲ ಈ ಗುಡ್ಡ ಹತ್ತಿದ್ದು 1948ರಲ್ಲಿ. ಆಮೇಲೆ ಗೇಟು ಕೊಳೆತವು, ಲಾಕಿನೊಳಗೆ ಗಿಡ ಬೆಳೆದವು, ಕೆರೆಗಳು ಒಣಗಿದವು.

ನನಗೆ ಕಟ್ಟಿದವರಿಗಿಂತ ಇದನ್ನು ಮತ್ತೆ ಎಬ್ಬಿಸಿದವರ ಮೇಲೇ ಪ್ರೀತಿ ಜಾಸ್ತಿ. ಇದನ್ನು ಮುಚ್ಚಬೇಡಿ ಅಂತ 1956ರಲ್ಲಿ ರಾಣಿಗೆ ಸಾವಿರಾರು ಜನ ಸಹಿ ಹಾಕಿದ ಅರ್ಜಿ ಹೋಯಿತು. ಅದನ್ನು ಒಯ್ದದ್ದೂ ನೀರಿನ ದಾರಿಯಲ್ಲೇ, ದೋಣಿಯಲ್ಲೇ. 1962ರಲ್ಲಿ ಟ್ರಸ್ಟ್ ಕಟ್ಟಿದರು. ಶನಿವಾರ, ಭಾನುವಾರ ಬಂದು ಕೆಸರು ಎತ್ತಿದರು, ದುಡ್ಡು ಕೂಡಿಸಿದರು, ಗೇಟು ಕೂರಿಸಿದರು. ಕಡೆಗೆ 1990ರ ಆಗಸ್ಟ್ 8ರಂದು ಅದೇ ರಾಣಿ ಎಲಿಜಬೆತ್ ಇಲ್ಲಿಗೆ ಬಂದು ಕಾಲುವೆಯನ್ನು ಮತ್ತೆ ತೆರೆದರು. ಅರ್ಜಿ ಹೋಗಿ 34 ವರ್ಷಕ್ಕೆ. ಹಿರಿಯರ ಅಪ್ಪ ಹಾಗೆ ಭಾನುವಾರಗಳಲ್ಲಿ ಕೆಸರು ಎತ್ತಿದವರಲ್ಲಿ ಒಬ್ಬರಂತೆ. ತೆರೆಯುವ ಹೊತ್ತಿಗೆ ಅವರು ಇರಲಿಲ್ಲ. ಇದನ್ನು ಹೇಳಿ ಹಿರಿಯರು ಲೋಟ ತೊಳೆದು ಕೊಟ್ಟರು. ಅಷ್ಟರಲ್ಲಿ ನೀರು ಸಮ ಆಗಿತ್ತು. ಇಬ್ಬರೂ ಒಂದೇ ತೊಲೆಗೆ ಬೆನ್ನು ಕೊಟ್ಟೆವು.

ಗುಡ್ಡದ ತಲೆ ಮುಟ್ಟಿದಾಗ ಎರಡೂವರೆ ದಾಟಿತ್ತು. ಹಿಂದಕ್ಕೆ ತಿರುಗಿ ನೋಡಿದೆ. ನಾವು ಹತ್ತಿ ಬಂದ ಗೇಟುಗಳೆಲ್ಲ ಒಂದರ ಕೆಳಗೆ ಒಂದು, ಎಲ್ಲವೂ ಮುಚ್ಚಿದ್ದವು. ಪಕ್ಕದ ಕೆರೆಗಳಲ್ಲಿ ಕೆಂಪು ಬಿಸಿಲು. ನಾನು ಕೆಡಿಸಿದ ಕೆರೆ ಯಾವುದು ಅಂತ ಹುಡುಕಿದೆ. ಅಂಚಿನ ಕೆಸರು ಕಾಣಲಿಲ್ಲ. ಮೇಲಿಂದ ನೀರು ಬಂದು ತುಂಬಿಕೊಂಡಿತ್ತು. ಸತ್ಯ ಹೇಳ್ತೀನಿ, ಅದನ್ನು ನೋಡಿದ ಮೇಲೇ ನನಗೆ ಉಸಿರು ಬಂದಿದ್ದು.

ಊರಿನೊಳಗಿನ ಕೊನೆಯ ಆರು ಲಾಕು ಬೇಗ ಮುಗಿದವು. ಕೈ ಪಳಗಿತ್ತು. ನಾಯಿಯ ಒಡತಿ ಕೊನೆಯ ಲಾಕು ದಾಟಿ, ಕೈ ಬೀಸಿ, ಮುಂದಕ್ಕೆ ಹೋದರು. ಅವರ ಹೆಸರು ನಾನು ಕೇಳಲೇ ಇಲ್ಲ. ಡಿವೈಜಿಸ್ ದಂಡೆಗೆ ಹಗ್ಗ ಕಟ್ಟುವಾಗ ಹಗ್ಗ ಕೋಲಿನ ಹಾಗೆ ಸೆಟೆದುಕೊಂಡಿತ್ತು, ಗಂಟು ಬೀಳಲೇ ಒಲ್ಲದು. ಒಳಗೆ ಒಲೆಯ ಮುಂದೆ ಕೂತ ಮೇಲೆ ಬೆರಳಿಗೆ ರಕ್ತ ವಾಪಸ್ ಬರುವಾಗ ಚೇಳು ಕಡಿದ ಹಾಗೆ ನೋವು. ಅಮ್ಮ ನನ್ನ ಎರಡೂ ಕೈಯನ್ನು ಟೀ ಲೋಟದ ಸುತ್ತ ಇಟ್ಟು, ಮೇಲೆ ತಮ್ಮ ಕೈ ಮುಚ್ಚಿ ಹಿಡಿದುಕೊಂಡರು. ಊರಲ್ಲಿ ನನ್ನ ಅಮ್ಮನೂ ಹೀಗೇ ಮಾಡುತ್ತಿದ್ದಳು, ಭೋಗಿ ದಿನದ ಬೆಳಿಗ್ಗೆ ತಣ್ಣೀರಲ್ಲಿ ಮುಳುಗಿ ಬಂದಾಗ.

ಹೊರಡುವಾಗ ಹಿರಿಯರು ವಿಂಡ್‌ಲಾಸನ್ನು ನೀನೇ ಇಟ್ಟುಕೋ ಅಂದರು. ಅದರ ಹಿಡಿ ಅಪ್ಪನ ಕಾಲದ್ದು, ಸವೆದು ನುಣ್ಣಗಾಗಿದೆ. ಬೇಡ ಅಂದೆ, ಕೇಳಲಿಲ್ಲ. ಈಗ ನನ್ನ ಮೇಜಿನ ಮೇಲಿದೆ. ಇದನ್ನು ನೋಡಿದಾಗಲೆಲ್ಲ ಒಂದು ಅನುಮಾನ ಬರುತ್ತದೆ. ತಾತ ತೂಬು ತಿರುಗಿಸೋಕೆ ಒಂದು ಕಬ್ಬಿಣದ ಹಿಡಿ ಇಟ್ಟುಕೊಂಡಿದ್ದರಲ್ಲ, ಹೆಗಲ ಮೇಲೆ ಟವಲಿನಲ್ಲಿ ಸುತ್ತಿ ಒಯ್ಯುತ್ತಿದ್ದರು. ಅದಕ್ಕೂ ಚೌಕದ ತೂತು ಇತ್ತಾ, ದುಂಡಗಿನದಾ? ನಿಮ್ಮ ಹಳೇ ಮನೆಯ ಅಟ್ಟದ ಮೇಲೆ, ಭತ್ತದ ಪಣತದ ಹಿಂದೆ ಇಡುತ್ತಿದ್ದರು. ಪುಟ್ಟಿಯನ್ನು ಅಟ್ಟಕ್ಕೆ ಹತ್ತಿಸಿ ಒಂದು ಸಲ ಹುಡುಕಿಸು. ಸಿಕ್ಕರೆ ತುಕ್ಕು ಒರೆಸಬೇಡ, ಹಾಗೇ ಒಂದು ಫೋಟೋ ಕಳಿಸು.

ನಿನ್ನ
ರವಿ